ಮೂರು ಹಕಾರ

ಬೋಣಿಗೆಗೂ ಮುಂಚೆ ಅಂಟುಚೀಟಿಯ ಹಾಳೆ ಬಿಡಿಸಿ ಕೂತೆ.
ಉಗುರಿಗಿಂತ ಚಿಕ್ಕ ಚೌಕಗಳು,
ಒಂದೊಂದರ ಮೂಲೆಗೂ ಹಸಿರು ಅರಬ್ಬಿ ಅಕ್ಷರ.
ಗುಂಡಿ, ಜಿಪ್ಪು, ಲೇಸು ಮಾರುವ ಕೈಗೆ
ಸಣ್ಣ ಸಾಮಾನು ಹೊಸದಲ್ಲ.
ಆದರೂ ಶೀನ್ ಒಂದು ಹೆಬ್ಬೆರಳಿಗೆ ಅಂಟಿಕೊಂಡು
ಮಧ್ಯಾಹ್ನದ ತನಕ ನನ್ನ ಜೊತೆ ಚಿಲ್ಲರೆ ಎಣಿಸಿತು.

ಪಕ್ಕದಂಗಡಿಯ ಸೂನ್‌ಜಾ ಬಂದು ತೋರಿಸಿದಳು:
ಈ ಎರಡನ್ನು ಒಟ್ಟಿಗೆ ಒತ್ತು, ಭಾಷೆ ಮಗ್ಗುಲು ಬದಲಿಸುತ್ತೆ.
ಅವಳಿಗದು ಹಳೇ ರೂಢಿ,
ಕೊರಿಯಾದ ತಂಗಿಗೆ ಒಂದು ಲಿಪಿ,
ಸಾಂತಿಯಾಗೋದ ತೆರಿಗೆಯವರಿಗೆ ಇನ್ನೊಂದು.
ಒತ್ತಿದೆ. ಕರ್ಸರ್ ಎದ್ದು
ಹಾಳೆಯ ಬಲತುದಿಗೆ ಹೋಗಿ ನಿಂತಿತು,
ಬರುವವರು ಆ ಬಾಗಿಲಿಂದ ಬರುತ್ತಾರೆಂಬಂತೆ.

ಕಾರಣ ಇಷ್ಟೇ. ಕಳೆದ ಭೂಕಂಪಕ್ಕೆ
ಮುತ್ತಜ್ಜನ ಗೋರಿಕಲ್ಲು ಎರಡು ಹೋಳಾಯಿತು,
ಬಿರುಕು ಸರಿಯಾಗಿ ಹೆಸರಿನ ಮೇಲೇ.
ಕಲ್ಲುಕುಟಿಗ ಎಲೀಸ್ಯೋ ಅಂದ:
ಅವರ ಲಿಪಿಯಲ್ಲೂ ಇರಲಿ ಅಂತೀರಲ್ಲ ಅಮ್ಮಾ, ಟೈಪು ಮಾಡಿ ಕೊಡಿ,
ನನಗೆ ಬಳ್ಳಿಯೂ ಒಂದೇ ಅಕ್ಷರವೂ ಒಂದೇ.

ನಮ್ಮದು ಖದಾದ್.
ಪಾಸ್‌ಪೋರ್ಟಿನಲ್ಲಿ ಖದಾದ್, ಅಂಗಡಿ ಬೋರ್ಡಿನಲ್ಲಿ ಖದಾದ್.
ಹೇಸರಗತ್ತೆ ಹತ್ತಿ ಆಂಡೀಸ್ ಇಳಿದು ಬಂದವನನ್ನು
ಗಡಿಯ ಗುಮಾಸ್ತ ಕೇಳಿದನಂತೆ, ಕೇಳಿಸಿದ್ದು ಬರೆದನಂತೆ.
ನೂರು ವರ್ಷ ಅದನ್ನೇ ಸಹಿ ಮಾಡಿದ್ದೇವೆ.

ಈ, ಓ, ಪೆ. ಸಾಲಾಗಿ ಮೂರು ಗುಂಡಿ,
ಮೂರರ ಮೇಲೂ ಒಂದೊಂದು ಹಕಾರ.
ಬರೀ ಉಸಿರಿನದು ಒಂದು, ಗಂಟಲು ಕೆರೆಯುವುದು ಒಂದು,
ಮೂರನೆಯದು ಎಲ್ಲಿಂದ ಹೊರಡುತ್ತದೋ ತಿಳಿಯಲಿಲ್ಲ.
ಮೊದಲು ಈ ಒತ್ತಿ ಕಳಿಸಿದೆ.
ಬೇತ್ ಜಾಲಾದ ಹಿಯಾಮ್, ಮುತ್ತಜ್ಜನ ತಮ್ಮನ ಮರಿಮಗಳು,
ಮುಖ ನೋಡಿಲ್ಲ ನಾನು,
ಯಂತ್ರ ಅನುವಾದಿಸಿದ ಮುರುಕು ಸ್ಪ್ಯಾನಿಷ್‌ನಲ್ಲಿ ಬರೆದಳು: ಅಲ್ಲ.
ಓ ಒತ್ತಿದೆ, ನಮ್ಮ ಬಾಯಲ್ಲಿರುವುದು ಅದೇ ತಾನೆ.
ಅಲ್ಲವೇ ಅಲ್ಲ.
ಪಕ್ಕದ್ದು, ಅಕ್ಕಾ. ಅದೇ ಆಕಾರ, ನೆತ್ತಿಯ ಮೇಲೆ ಚುಕ್ಕೆ ಇಲ್ಲ.
ಕನ್ನಡಿಗೆ ಬಾಯಿಂದ ಆವಿ ಹಿಡಿಸಿ ಒರೆಸುತ್ತೀವಲ್ಲ, ಆ ಹ.
ನಾವು ಹದ್ದಾದ್. ಕಮ್ಮಾರರು.
ನಿಮಗೆ ಯಾರೂ ಹೇಳಲಿಲ್ಲವೆ?

ಯಾರೂ ಹೇಳಲಿಲ್ಲ.
ಒಂದೇ ಒಂದು ಗುಂಡಿಯ ಆಚೆಗಿತ್ತು ಕುಲುಮೆ.
ಟೇಪು, ಸೂಜಿ, ಕತ್ತರಿಗಳ ನಡುವೆ
ಕೈ ತಿರುಗಿಸಿ ನೋಡಿಕೊಂಡೆ.

ಹಾ ಬಂದು ದಾಲಿನ ಕೈ ಹಿಡಿಯುತ್ತದೆ.
ದಾಲ್ ಹಿಂದಿನವರ ಕೈ ಹಿಡಿದೀತು, ಮುಂದಿನವರಿಗೆ ಚಾಚದು.
ಜಗಳವೇನಿಲ್ಲ, ಅದರ ಸ್ವಭಾವ, ಅಂದಳು ಹಿಯಾಮ್.
ಹಾಗಾಗಿ ಅಲಿಫ್ ಒಂಟಿ, ಕಡೆಯ ದಾಲೂ ಒಂಟಿ.
ಅಲಿಫ್ ಕೂತ ಗುಂಡಿಯ ಸ್ಪ್ಯಾನಿಷ್ ಹೆಸರು ಆಚೆ,
ಬರೆಯುತ್ತೇವೆ, ಉಚ್ಚರಿಸುವುದಿಲ್ಲ.

ಗಿರಾಕಿ ಇಲ್ಲದ ಹೊತ್ತೆಲ್ಲ ಅಭ್ಯಾಸ.
ತೋರುಬೆರಳೆರಡಕ್ಕೂ ಒಂದೊಂದು ಸಣ್ಣ ಉಬ್ಬುಗೆರೆ,
ಅಲ್ಲೇ ಬಾ, ಅಲ್ಲೇ ತಾ.
ಅಂಕಿ ಮಾತ್ರ ಕೇಳುವುದಿಲ್ಲ. ನಡುವೆ ಸಾವಿರದ ಏಳುನೂರು ಪೆಸೊ ಎಂದರೆ
ಎಡದಿಂದ ಬಲಕ್ಕೆ ನುಗ್ಗಿ ಬಿಡುತ್ತದೆ, ಎದುರು ಬರುವವರನ್ನು ನೂಕಿಕೊಂಡು.

ಎಲೀಸ್ಯೋನ ಯಂತ್ರದಲ್ಲಿ ನಾಲ್ಕು ಅಕ್ಷರವೂ
ಬಿಡಿಬಿಡಿ, ತಿರುಗುಮುರುಗು.
ಕೊನೆಗೆ ಬಟರ್ ಪೇಪರಿನ ಮೇಲೆ
ಸೀಮೆಸುಣ್ಣದಲ್ಲಿ ಬರೆದೇ ಕೊಟ್ಟೆ,
ಹೊಲಿಗೆಗೆ ಗುರುತು ಹಾಕಿದ ಹಾಗೆ.

ಇವತ್ತು ಬೆಳಿಗ್ಗೆ ರಸೀದಿಗೆ ಹೆಸರು ಹಾಕುವಾಗ
ಭಾಷೆ ಬದಲಿಸಲು ಮರೆತೆ.
ಖೋತ, ಆ, ದೆ, ಆ, ದೆ. ಬೆರಳಿಗೆ ಬಾಯಿಪಾಠ.
ತೆರೆಯ ಮೇಲೆ ಮೂಡಿದ್ದು ಇನ್ನೇನೋ: ತ್ಶೀಶೀ.
ಹಿಯಾಮ್‌ಗೆ ಕಳಿಸಿದೆ, ಇದಕ್ಕೇನಾದರೂ ಅರ್ಥ ಉಂಟೆ?

ಅಲ್ಲಿ ಆಗಲೇ ಮಧ್ಯಾಹ್ನ ದಾಟಿತ್ತು.
ಅರ್ಥ ಇಲ್ಲ. ನೀನು ತ್ಶೀಲೀ, ಚಿಲಿ ಅಂತ ಬರೆಯಲು ಹೊರಟೆ, ಅಲ್ಲವೆ?
ಲಾಮ್ ಇರಬೇಕಾದಲ್ಲಿ ಶೀನ್ ಒತ್ತಿದ್ದೀಯ.
ಒಂದೇ ಅಕ್ಷರ ತಪ್ಪು.

ನೂನ್, ಐನ್, ಮೀಮ್.
ಗುಂಡಿ ನೋಡದೆ ಒತ್ತಿದೆ: ಹೌದು.
ಅಷ್ಟರಲ್ಲಿ ಒಬ್ಬಾಕೆ ಒಳಗೆ ಬಂದು
ಕೋಟಿನ ತೋಳು ಮುಂದೆ ಚಾಚಿ
ಇಂಥದೇ ಕಪ್ಪು ಗುಂಡಿ ಆರು ಕೇಳಿದಳು.